ಅಜ್ಜಿ ಹತ್ತು ಹೆತ್ತಳು, ಸರಿ. ಮುಂದೆ?

ನಾನು ಬಸಿರು, ಹೆರಿಗೆ, ಬಾಣಂತನದ ಬಗ್ಗೆ ಸಂಶೋಧನೆ ಮಾಡುತ್ತೇನೆ. ಡಾಕ್ಟರಲ್ಲ. ನಿಮ್ಮ ಸೊಸೆಯ ಸ್ಕ್ಯಾನಿಂಗ್ ರಿಪೋರ್ಟನ್ನು ದಯವಿಟ್ಟು ವಾಟ್ಸಾಪ್ ಮಾಡಬೇಡಿ. ಇಷ್ಟು ಹೇಳಿದ ಮೇಲೆ ಬರುವ ಪ್ರಶ್ನೆಯೂ ಗೊತ್ತು: "ಹೆರೋದರಲ್ಲಿ ಸಂಶೋಧನೆ ಮಾಡೋಕೆ ಏನಿದೆ? ನಮ್ಮಜ್ಜಿ ಮನೆಯಲ್ಲೇ ಹತ್ತು ಹೆತ್ತಳು. ಏನೂ ಆಗಲಿಲ್ಲ."

ಯಾವಾಗಲೂ ಹತ್ತೇ. ಒಂಬತ್ತಕ್ಕೆ ನಿಲ್ಲಿಸಿದ ಅಜ್ಜಿ ಶಿರಸಿ ಸೀಮೆಯಲ್ಲಿ ಇರಲೇ ಇಲ್ಲವೋ ಏನೋ. ಕೇಳುವವರು ಹೆಚ್ಚಾಗಿ ಗಂಡಸರು, ಅದೂ ಕವಳ ಹಾಕಿಕೊಂಡು ಆರಾಮಾಗಿ ಕೂತವರು.

ಒಮ್ಮೆ ಒಂದು ಉಪನಯನದ ಊಟದಲ್ಲಿ ಪಕ್ಕದ ಎಲೆಯ ಮಾವ ಇದೇ ರಾಗ ಎಳೆದರು. "ಅದ್ರಲ್ಲಿ ಎಂತ ಇದ್ದೇ ಕೂಸೇ?" ನನಗೂ ಸಾಕಾಗಿತ್ತು. "ಆ ಅಜ್ಜಿ ಅಜ್ಜನಿಗೆ ಎಷ್ಟನೇ ಹೆಂಡತಿ ಮಾವಾ?" ಅಂದೆ. ಎರಡನೇ ಸಂಬಂಧವಂತೆ. ಮೊದಲಿನವರು? "ಅದು ಬಾಣಂತಿಯಲ್ಲೇ ಹೋತಡ." ಅಷ್ಟು ಹೇಳಿ ಮಜ್ಜಿಗೆ ಬಡಿಸುವವನನ್ನು ಕರೆದರು. ಹೋದವರ ಹೆಸರು ಏನು ಅಂದರೆ ಇಡೀ ಪಂಕ್ತಿಯಲ್ಲಿ ಯಾರಿಗೂ ಗೊತ್ತಿಲ್ಲ. ಗೊತ್ತಿರುವುದಾದರೂ ಹೇಗೆ? ಅವರಿಗೆ ಮಕ್ಕಳಿಲ್ಲ, ಹಾಗಾಗಿ "ನಮ್ಮಜ್ಜಿ" ಅನ್ನುವ ಮೊಮ್ಮಕ್ಕಳೂ ಇಲ್ಲ. ಬದುಕಿ ಉಳಿದ ಅಜ್ಜಿಯರದ್ದು ಮಾತ್ರ ಕತೆಯಾಗುತ್ತದೆ.

ಅಜ್ಜಿಯ ಕಾಲ ಬಿಡಿ. 2001-03ರಲ್ಲೇ ಕರ್ನಾಟಕದಲ್ಲಿ ಪ್ರತಿ ಒಂದು ಲಕ್ಷ ಜೀವಂತ ಜನನಕ್ಕೆ 228 ತಾಯಂದಿರು ಸಾಯುತ್ತಿದ್ದರು. 2018-20ಕ್ಕೆ ಅದು 69ಕ್ಕೆ ಇಳಿಯಿತು. "ಹಂಗಾದ್ರೆ ಮುಗೀತಲ್ಲ?" ಇಲ್ಲ, ಅದೇ ಅವಧಿಯಲ್ಲಿ ಪಕ್ಕದ ಕೇರಳದಲ್ಲಿ 19.

ಏನು ಸಂಶೋಧನೆ ಅಂದಿರಲ್ಲ, ಒಂದು ಪ್ಲಾಸ್ಟಿಕ್ ಹಾಳೆಯ ವಿಷಯ ಕೇಳಿ. ಹೆರಿಗೆಯಾದ ಮೇಲೆ ರಕ್ತ ಎಷ್ಟು ಹೋಯಿತು ಅಂತ ಕಣ್ಣಳತೆಯಲ್ಲಿ ಹೇಳಿದರೆ ಸಾಮಾನ್ಯವಾಗಿ ಕಡಿಮೆಯೇ ಹೇಳುತ್ತೇವೆ. ಬಟ್ಟೆ ಹೀರುತ್ತದೆ, ನೆಲಕ್ಕೆ ಹರಿಯುತ್ತದೆ. ಅದಕ್ಕೇ ಬಾಣಂತಿಯ ಸೊಂಟದ ಕೆಳಗೆ ಈ ಹಾಳೆ ಹಾಸುತ್ತಾರೆ. ಹಾಳೆಯ ತುದಿಯಲ್ಲಿ ಕೆಳಕ್ಕೆ ಇಳಿಬಿದ್ದ ಚೀಲ, ಚೀಲದ ಮೇಲೆ ಅಳತೆಯ ಗೆರೆಗಳು. 500 ಮಿಲಿ ಲೀಟರ್ ದಾಟಿದರೆ ಅತಿರಕ್ತಸ್ರಾವ. ಇಂಥ ಹಾಳೆ ಬಳಸಿ ನಮ್ಮ ಉತ್ತರ ಕನ್ನಡದ ಪಕ್ಕದ ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲೇ ಅಧ್ಯಯನ ನಡೆಯಿತು. 1620 ಹೆಂಗಸರು. ಅರ್ಧ ಜನಕ್ಕೆ ಹೆರಿಗೆಯಾದ ಕೂಡಲೇ ರಕ್ತಸ್ರಾವ ತಡೆಯುವ ಮಿಸೊಪ್ರೊಸ್ಟಾಲ್ ಮಾತ್ರೆ, ಉಳಿದವರಿಗೆ ಔಷಧವಿಲ್ಲದ ಮಾತ್ರೆ. ಕೊಟ್ಟವರು ದೊಡ್ಡ ಡಾಕ್ಟರಲ್ಲ, ಹಳ್ಳಿಯಲ್ಲಿ ಹೆರಿಗೆ ಮಾಡಿಸುವ ಎಎನ್‌ಎಂ ಸಿಸ್ಟರುಗಳು. ಔಷಧವಿಲ್ಲದ ಗುಂಪಿನಲ್ಲಿ ಶೇ. 12ರಷ್ಟು ಜನಕ್ಕೆ ಅತಿರಕ್ತಸ್ರಾವವಾದರೆ, ಔಷಧ ನುಂಗಿದವರಲ್ಲಿ ಶೇ. 6.4. 2006ರಲ್ಲಿ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಅಜ್ಜಿಯ ಹತ್ತು ಹೆರಿಗೆಯನ್ನು ಕೂಡಿ ಕಳೆದರೆ ಈ ಲೆಕ್ಕ ಸಿಗುವುದಿಲ್ಲ.

ಬಾಣಂತನದ ಎಣ್ಣೆ-ನೀರು, ಸಾರು, ಲೇಹ್ಯ ಇವುಗಳ ಮೇಲೆ ನನಗೆ ಸಿಟ್ಟೇನಿಲ್ಲ. ಬಾಣಂತಿಗೆ ಕುಡಿಯೋಕೆ ನೀರು ಕೊಡದೆ ಒಣಗಿಸುವುದನ್ನು ಮಾತ್ರ ಒಪ್ಪೋಕಾಗಲ್ಲ. ಅದರ ಜಗಳ ಇನ್ನೊಂದು ದಿನ.

ನಿಜ ಹೇಳಬೇಕೆಂದರೆ, ಒಬ್ಬ ಬಾಣಂತಿ ಸತ್ತಾಗ ಯಾರಾದರೂ "ಹೊತ್ತು ಎಲ್ಲಿ ಹೋಯಿತು?" ಅಂತ ಕೇಳಲಿ ಅಂತ ನಾನು ಕಾಯುತ್ತಿದ್ದೇನೆ. ಥಡ್ಡಿಯಸ್ ಮತ್ತು ಮೇಯ್ನ್ ಅನ್ನುವ ಇಬ್ಬರು ಸಂಶೋಧಕರು 1994ರಲ್ಲಿ ಮೂರು ತಡಗಳ ಲೆಕ್ಕ ಕೊಟ್ಟರು. ಹೊರಡೋಣ ಅಂತ ತೀರ್ಮಾನಿಸುವ ತಡ, ತಲುಪುವ ತಡ, ತಲುಪಿದ ಮೇಲೆ ಚಿಕಿತ್ಸೆ ಸಿಗುವ ತಡ. ನಮ್ಮ ಜಿಲ್ಲೆಯವರಿಗೆ ಎರಡನೆಯದನ್ನು ಬಿಡಿಸಿ ಹೇಳಬೇಕಾಗಿಲ್ಲ. ಜೋಯಿಡಾದ ಕಾಡಿನ ಮನೆಗಳು, ದೇವಿಮನೆ ಘಾಟು, ಮಳೆಗಾಲ. 2024ರ ಜುಲೈನಲ್ಲಿ ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯೇ ಬಂದ್ ಆಗಿತ್ತು. ದೊಡ್ಡ ಆಸ್ಪತ್ರೆ ಅಂದರೆ ಇವತ್ತಿಗೂ ಮಣಿಪಾಲ, ಹುಬ್ಬಳ್ಳಿ, ಗೋವಾ ಅನ್ನುತ್ತೇವೆ. 2022ರಲ್ಲಿ ಜಿಲ್ಲೆಗೊಂದು ಒಳ್ಳೆಯ ಆಸ್ಪತ್ರೆ ಬೇಕು ಅಂತ ಜನ ಎದ್ದು ನಿಂತಿದ್ದು ಸುಮ್ನೆ ಅಲ್ಲ.

ಆದರೆ ನನ್ನನ್ನು ಕಾಡುವುದು ಮೊದಲನೇ ತಡ. ಬಾಣಂತಿ ತೀರಿಕೊಂಡ ಮನೆಗೆ ಹೋಗಿ ಕೂತು, ಏನಾಯಿತು ಅಂತ ಕೇಳುವುದೂ ನನ್ನ ಕೆಲಸದಲ್ಲಿ ಸೇರಿದೆ. ಜಗಲಿಯಲ್ಲಿ ಕೂತ ಗಂಡಸರು ರಸ್ತೆಯಿಂದ ಶುರು ಮಾಡುತ್ತಾರೆ. ಗಾಡಿ ಸಿಗಲಿಲ್ಲ, ನೆಟ್‌ವರ್ಕ್ ಇರಲಿಲ್ಲ, ಮರ ಬಿದ್ದಿತ್ತು. ಎಲ್ಲವೂ ನಿಜ. ಅವರ ಮಾತು ಮುಗಿದ ಮೇಲೆ ಒಳಗೆ ಹೋದರೆ ಹೆಂಗಸರು ಬೆಳಗಿನಿಂದ ಶುರು ಮಾಡುತ್ತಾರೆ. "ಬೆಳಿಗ್ಗೆಯೇ ತಲೆನೋವು ಅಂದಿದ್ದಳು. ಕಣ್ಣು ಮಂಜು ಅಂದಳು. ಪಿತ್ತ ಇರಬೇಕು ಅಂತ ಕಷಾಯ ಕೊಟ್ಟೆವು. ಇವರು ತೋಟದಿಂದ ಬರಲಿ, ಕೇಳಿ ಹೊರಡೋಣ ಅಂತ ಕೂತೆವು." ತಲೆನೋವು, ಕಣ್ಣು ಮಂಜು ಬಿಪಿ ಏರಿದ್ದರ ಸೂಚನೆ. ಆಸ್ಪತ್ರೆಯ ಕಡತ ಶುರುವಾಗುವುದು ಅವಳು ಬಾಗಿಲು ದಾಟಿದ ಮೇಲೆ. ಅದಕ್ಕೂ ಮುಂಚಿನದ್ದನ್ನು ಬರೆದುಕೊಳ್ಳಲು ನಾನು ಅಡುಗೆಮನೆಯಲ್ಲಿ ಮಣೆ ಹಾಕಿಸಿಕೊಂಡು ಕೂರುತ್ತೇನೆ.