ಗುಲ್ಮ ತೆಗೆಸಿಬಿಟ್ಟರೆ ಮುಗೀತಲ್ವಾ?

ನನಗೆ ಐಟಿಪಿ ಇದೆ, ಅಂದರೆ ರಕ್ತಸ್ರಾವ ನಿಲ್ಲಿಸುವ ಪ್ಲೇಟ್‌ಲೆಟ್ ಕಣಗಳು ಯಾವಾಗಲೂ ಕಡಿಮೆ ಇರುವ ಕಾಯಿಲೆ. ಅದು ಗೊತ್ತಾದವರೆಲ್ಲ ಕೊನೆಗೆ ಕೇಳುವುದು ಒಂದೇ: "ಗುಲ್ಮ ತೆಗೆಸಿದರೆ ವಾಸಿಯಾಗುತ್ತಂತೆ, ನೀವ್ಯಾಕೆ ತೆಗೆಸಿಲ್ಲ?" ಗುಲ್ಮ ಅಂದರೆ ಸ್ಪ್ಲೀನ್, ಹೊಟ್ಟೆಯ ಎಡಭಾಗದಲ್ಲಿದ್ದು ಸೋಂಕಿನ ವಿರುದ್ಧ ಹೋರಾಡಲು ನೆರವಾಗುವ ಅಂಗ.

ಕೇಳುವುದರಲ್ಲಿ ತಪ್ಪೇನಿಲ್ಲ. ಈ ಕಾಯಿಲೆಯಲ್ಲಿ ನಮ್ಮ ರೋಗನಿರೋಧಕ ವ್ಯವಸ್ಥೆಯೇ ಪ್ಲೇಟ್‌ಲೆಟ್‌ಗಳನ್ನು ವೈರಿ ಅಂದುಕೊಂಡು ಗುರುತು ಹಾಕುತ್ತದೆ. ಗುರುತು ಬಿದ್ದವು ಹೆಚ್ಚಾಗಿ ನಾಶವಾಗುವುದು ಗುಲ್ಮದಲ್ಲಿ. ಅದನ್ನು ತೆಗೆದರೆ ಮೂವರಲ್ಲಿ ಸುಮಾರು ಇಬ್ಬರು ವರ್ಷಗಟ್ಟಲೆ ಔಷಧಿಯಿಲ್ಲದೆ ಇರುತ್ತಾರೆ. ಆದರೆ ನಾನು ಆ ಇಬ್ಬರಲ್ಲಿ ಒಬ್ಬಳೋ, ಮೂರನೆಯವಳೋ ಅಂತ ಖಚಿತವಾಗಿ ಮೊದಲೇ ಹೇಳುವವರು ಯಾರೂ ಇಲ್ಲ. ತೆಗೆದ ಮೇಲೆ ಜೀವನಪೂರ್ತಿ ಸೋಂಕಿನ ಭಯ ಬೇರೆ. ಜ್ವರ ಬಂತು ಅಂದರೆ ಸುಮ್ನೆ ಹೊದ್ದು ಮಲಗುವ ಹಾಗಿಲ್ಲ, ತಕ್ಷಣ ಆಸ್ಪತ್ರೆಗೆ ಓಡಬೇಕು. ರಕ್ತ ಹೆಪ್ಪುಗಟ್ಟುವ ಅಪಾಯವೂ ಸ್ವಲ್ಪ ಜಾಸ್ತಿ.

ಹಾಗಾಗಿ ನನ್ನ ಲೆಕ್ಕ ಇಷ್ಟೇ: ಬೇಡ ಅನ್ನಿಸಿದಾಗ ನಿಲ್ಲಿಸಬಹುದಾದದ್ದು ಮೊದಲು, ವಾಪಸ್ ಬರಲಾಗದ್ದು ಕೊನೆಗೆ.

ಸ್ಟೀರಾಯ್ಡ್ ಸಾಮಾನ್ಯವಾಗಿ ಮೊದಲು ಕೊಡುವ ಔಷಧಿ. ಪ್ಲೇಟ್‌ಲೆಟ್ ಏರುತ್ತದೆ ನಿಜ. ಜೊತೆಗೆ ನಡುರಾತ್ರಿ ಕಣ್ಣು ಬಿಟ್ಟುಕೊಂಡು ಕೂರುವುದು, ಊದಿದ ಮುಖ, ತಡೆಯಲಾಗದ ಹಸಿವು, ಮನೆಯವರ ಮೇಲೆಲ್ಲ ಸಿಡುಕು. ಕೆಲವು ವಾರಗಳಿಗಿಂತ ಜಾಸ್ತಿ ಅದರಲ್ಲೇ ಎಳೆಯುವುದು ಒಳ್ಳೆಯದಲ್ಲ ಅಂತ ಈಗ ವೈದ್ಯರೇ ಹೇಳುತ್ತಾರೆ. ಡೋಸ್ ಇಳಿಸಿದ ಕೂಡಲೇ ನನ್ನ ಕೌಂಟ್ ಕೂಡ ಇಳಿಯಿತು. ರಿಟುಕ್ಸಿಮ್ಯಾಬ್ ಅನ್ನೋ ಇಂಜೆಕ್ಷನ್ ಕೂಡ ಇದೆ, ಮೊದಲಿಗೆ ಅರ್ಧಕ್ಕಿಂತ ಜಾಸ್ತಿ ಜನರಿಗೆ ಕೆಲಸ ಮಾಡುತ್ತದೆ, ಆದರೆ ಐದು ವರ್ಷದ ಹೊತ್ತಿಗೆ ಆ ಫಲ ಉಳಿಯುವುದು ಕಾಲುಭಾಗದಷ್ಟು ಜನರಿಗೆ ಮಾತ್ರ.

ಸದ್ಯಕ್ಕೆ ನಾನು ಎಲ್‌ಟ್ರೊಂಬೊಪ್ಯಾಗ್ ಮಾತ್ರೆಯಲ್ಲಿದ್ದೇನೆ. ಇದು ನಾಶವನ್ನು ತಡೆಯುವುದಿಲ್ಲ. ಜಾಸ್ತಿ ಪ್ಲೇಟ್‌ಲೆಟ್ ಮಾಡು ಅಂತ ಮೂಳೆಯ ಮಜ್ಜೆಗೆ ಹೇಳುತ್ತದೆ. ಇದರ ಕಿರಿಕಿರಿ ಬೇರೆ ಥರ. ಹಾಲು, ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆ, ಆಂಟಾಸಿಡ್ ಯಾವುದೂ ಅದರ ಹತ್ತಿರ ಬರಬಾರದು. ಮಾತ್ರೆಗೆ ನಾಲ್ಕು ಗಂಟೆ ಮೊದಲಿಂದ, ಆಮೇಲೆ ಎರಡು ಗಂಟೆ ತನಕ. ಆಗಾಗ ಲಿವರ್ ಪರೀಕ್ಷೆ ಆಗಬೇಕು. ಆದರೂ ರಾತ್ರಿ ನಿದ್ದೆ ಬರುತ್ತದೆ, ಅದು ನನಗೆ ದೊಡ್ಡದು.

ಇನ್ನೊಂದು ಮಾತು, ಇದನ್ನು ಯಾರೂ ನಂಬುವುದೇ ಇಲ್ಲ. ಕೌಂಟ್ ಮಾಮೂಲಿಗೆ, ಅಂದರೆ 1.5 ಲಕ್ಷಕ್ಕೆ, ಬರಲೇಬೇಕು ಅಂತಿಲ್ಲ. 30,000ದ ಮೇಲಿದ್ದು ರಕ್ತಸ್ರಾವ ಇಲ್ಲದಿದ್ದರೆ ಎಷ್ಟೋ ಜನರಿಗೆ ಔಷಧಿಯೇ ಬೇಡ, ನೋಡಿಕೊಂಡಿದ್ದರೆ ಸಾಕು. ನಾನು ಕೌಂಟ್‌ಗಿಂತ ಬಾಯಿಯನ್ನು ಜಾಸ್ತಿ ನೋಡಿಕೊಳ್ಳುತ್ತೇನೆ. ಕಣಕಾಲಿನ ಮೇಲೆ ಸೂಜಿಮೊನೆಯಷ್ಟು ಕೆಂಪು ಚುಕ್ಕೆ ಬಂದರೆ ಮುಂದಿನ ಭೇಟಿಯಲ್ಲಿ ಹೇಳಿದರಾಯಿತು. ಕೆನ್ನೆಯ ಒಳಗೆ ರಕ್ತ ತುಂಬಿದ ಗುಳ್ಳೆ ಎದ್ದರೆ ಅವತ್ತೇ ಫೋನ್ ಮಾಡುತ್ತೇನೆ.

ಮಾತ್ರೆ ಕೈಕೊಟ್ಟರೆ ಗುಲ್ಮದ ಮಾತು ಮತ್ತೆ ಬರುತ್ತದೆ, ಆಗ ಬಹುಶಃ ಒಪ್ಪುತ್ತೇನೆ. ಆಪರೇಷನ್‌ಗೆ ಕನಿಷ್ಠ ಎರಡು ವಾರ ಮೊದಲೇ ಹಾಕಿಸಿಕೊಳ್ಳಬೇಕಾದ ಲಸಿಕೆಗಳ ಪಟ್ಟಿ ಈಗಲೇ ಫೈಲಿನಲ್ಲಿದೆ.