ಮಾರಿಕಣಿವೆಗೆ ಮೂರು ಬೈಕು: ಕಡಿಮೆ ದುಡ್ಡಿನ ಇಂಟರ್‌ಕಾಮ್ ಆರಿಸಿದ ಅನುಭವ

ಹೋದ ಸಲ ದಾವಣಗೆರೆಯಿಂದ ಹಿರಿಯೂರಿನ ಹತ್ತಿರದ ಮಾರಿಕಣಿವೆ ಅಣೆಕಟ್ಟಿಗೆ ಹೊರಟಾಗ ನಮ್ಮ ಹತ್ತಿರ ಫೋನಿನ ಕಾನ್ಫರೆನ್ಸ್ ಕಾಲ್ ಬಿಟ್ಟರೆ ಬೇರೇನೂ ಇರಲಿಲ್ಲ. ಭರಮಸಾಗರ ದಾಟುವ ಹೊತ್ತಿಗೆ ಕಾಲ್ ಕಟ್ಟಾಯಿತು. ಹಿಂದಿದ್ದ ನಮ್ಮ ಭಾವ ಪಂಕ್ಚರ್ ಆಗಿ ಸರ್ವಿಸ್ ರಸ್ತೆಗೆ ಇಳಿದಿದ್ದರು. ನಾನೂ ಗೆಳೆಯನೂ ಗೊತ್ತಿಲ್ಲದೆ ಚಿತ್ರದುರ್ಗದವರೆಗೆ ಹೋಗಿಬಿಟ್ಟೆವು. ವಾಪಸ್ ಬಂದಾಗ ಅವರು ಬಿಸಿಲಲ್ಲಿ ಒಬ್ಬರೇ ನಿಂತಿದ್ದರು. ಅದನ್ನು ನೋಡಿ ಹೊಟ್ಟೆಯಲ್ಲಿ ಸಂಕಟವಾಯಿತು. ಈ ಸಲ ಮೂವರಿಗೂ ಇಂಟರ್‌ಕಾಮ್, ಅಂದರೆ ಹೆಲ್ಮೆಟ್‌ಗೆ ಹಾಕಿ ಬೈಕಿನಿಂದ ಬೈಕಿಗೆ ಮಾತಾಡುವ ಸೆಟ್, ತಗೊಂಡೇ ಹೊರಟೆವು.

ಕೊಳ್ಳುವ ಮೊದಲು ಒಂದು ವಿಷಯ ಖಚಿತ ಮಾಡಿಕೊಳ್ಳಿ. ತುಂಬಾ ಅಗ್ಗಕ್ಕೆ ಸಿಗುವ ಎಷ್ಟೋ ಸೆಟ್‌ಗಳು ಬರೀ ಬ್ಲೂಟೂತ್ ಹೆಡ್‌ಸೆಟ್. ಹಾಡು ಕೇಳಬಹುದು, ಫೋನ್ ಎತ್ತಬಹುದು, ಅಷ್ಟೇ. ಬೈಕಿನಿಂದ ಬೈಕಿಗೆ ಮಾತಾಡಲು ಆಗುವುದಿಲ್ಲ. ಕಾರ್ಡೋ, ಸೇನಾ ಹೆಸರು ಮಾಡಿದ ಕಂಪನಿಗಳು, ನಮ್ಮ ಬೆಂಗಳೂರಿನ ಬ್ಲೂಆರ್ಮರ್ ಕೂಡ ಇದೆ. ಆದರೆ ಮೂರು ಹೆಲ್ಮೆಟ್‌ಗೆ ಲೆಕ್ಕ ಹಾಕಿದರೆ ನಮ್ಮ ಕೈಗೆ ಎಟುಕಲಿಲ್ಲ. ಒಂದಕ್ಕೆ 3,200 ರೂಪಾಯಿಯಂತೆ ಸಾಧಾರಣ ಬ್ಲೂಟೂತ್ ಇಂಟರ್‌ಕಾಮ್ ತಗೊಂಡೆವು. ಮೂರೂ ಒಂದೇ ಕಂಪನಿಯವು. ಬೇರೆ ಬೇರೆ ಕಂಪನಿಯದ್ದಾದರೆ ಜೋಡಿಸುವುದೇ ದೊಡ್ಡ ತಲೆನೋವು.

ಡಬ್ಬದ ಮೇಲೆ 1 ಕಿ.ಮೀ. ರೇಂಜ್ ಅಂತ ಇತ್ತು. ಅದು ಬಯಲಲ್ಲಿ, ನಡುವೆ ಏನೂ ಅಡ್ಡ ಇಲ್ಲದಿದ್ದಾಗಿನ ಮಾತು. ಆನಗೋಡು ಕಳೆದ ಮೇಲೆ ಹೆದ್ದಾರಿಯ 200 ಮೀಟರ್ ಕಲ್ಲು ಎಣಿಸುತ್ತಾ ನೋಡಿದೆವು. ಎರಡು ಕಲ್ಲಿನ ದೂರದವರೆಗೆ ಮಾತು ಸ್ಪಷ್ಟವಾಗಿತ್ತು, ಮೂರನೆಯದಕ್ಕೆ ಕರಕರ. ನಡುವೆ ಲಾರಿ ಬಂದರೆ ಇನ್ನೂ ಕಡಿಮೆ. ಕಣ್ಣಳತೆಯಲ್ಲೇ ಓಡಿಸುವವರಿಗೆ ಇಷ್ಟು ಸಾಕು. ರೇಂಜ್‌ಗೆ ಅಂತ ಜಾಸ್ತಿ ದುಡ್ಡು ಕೊಡಬೇಡಿ.

ಇನ್ನೊಂದು ವಿಷಯ, ಇಂಥ ಸೆಟ್‌ಗಳು ಸರಪಳಿಯ ಹಾಗೆ. ಮೊದಲನೆಯವನು ನಡುವಿನವನಿಗೆ, ನಡುವಿನವನು ಕೊನೆಯವನಿಗೆ ಜೋಡಣೆ. ನಡುವಿನವನು ಪೆಟ್ರೋಲ್ ಬಂಕಿಗೆ ತಿರುಗಿದರೆ ಮಿಕ್ಕ ಇಬ್ಬರ ಮಾತೂ ನಿಂತಿತು. ಹಾಗಾಗಿ ಅವನ ಜಾಗ ಬದಲಾಗಬಾರದು. ನಾಲ್ಕೈದು ಬೈಕಿದ್ದರೆ ಮೆಶ್ ಇಂಟರ್‌ಕಾಮ್ ನೋಡಿ. ಅದರಲ್ಲಿ ಒಬ್ಬರು ದೂರವಾದರೂ ಉಳಿದವರು ತಾವಾಗಿಯೇ ಕೂಡಿಕೊಳ್ಳುತ್ತಾರೆ, ಬೆಲೆ ಮಾತ್ರ ಜಾಸ್ತಿ.

ನಮಗೆ ನಿಜವಾಗಿ ಕಷ್ಟವಾಗಿದ್ದು ಸ್ಪೀಕರ್ ಕೂರಿಸುವುದು. ಮೊದಲ ದಿನ ಭಾವನಿಗೆ ಏನೂ ಕೇಳಿಸಲಿಲ್ಲ, ಸೆಟ್ಟೇ ಕೆಟ್ಟಿದೆ ಅಂದುಕೊಂಡೆವು. ನೋಡಿದರೆ ಸ್ಪೀಕರ್ ಕಿವಿಗಿಂತ ಎರಡು ಬೆರಳು ಹಿಂದಿತ್ತು. ಉಪಾಯ ಹೇಳಿದ್ದು ಅಕ್ಕ. ಹೆಲ್ಮೆಟ್ ಹಾಕಿಕೊಂಡು, ಬೆರಳ ತುದಿಗೆ ಒದ್ದೆ ಕುಂಕುಮ ಹಚ್ಚಿ, ಕೆಳಗಿನಿಂದ ತೂರಿಸಿ ಕಿವಿಯ ತೂತು ಹುಡುಕಬೇಕು. ಅದೇ ಜಾಗದಲ್ಲಿ ಬೆರಳನ್ನು ಹೊರಗಡೆಗೆ, ಹೆಲ್ಮೆಟ್ಟಿನ ಬಟ್ಟೆಗೆ ಒತ್ತಬೇಕು. ಹೆಲ್ಮೆಟ್ ತೆಗೆದರೆ ಒಳಗೆ ಕೆಂಪು ಚುಕ್ಕೆ. ಸ್ಪೀಕರ್‌ನ ನಡುಭಾಗ ಆ ಚುಕ್ಕೆಯ ಮೇಲೆ ಬರಲಿ. ಅರ್ಧ ಇಂಚು ಸರಿದರೂ ವ್ಯತ್ಯಾಸ ಗೊತ್ತಾಗುತ್ತೆ. ಜಾಗ ಸಾಲದು ಅಂತ ಒಳಗಿನ ಥರ್ಮಾಕೋಲ್ ಮಾತ್ರ ಕೆರೆಯಬೇಡಿ. ತಲೆ ಉಳಿಸುವುದು ಅದೇ.

ಚಿತ್ರದುರ್ಗದಿಂದ ಹಿರಿಯೂರಿನ ಕಡೆ ಗಾಳಿ ಹೇಗಿರುತ್ತೆ ಅಂತ ಆ ಗುಡ್ಡದ ಗಾಳಿಯಂತ್ರಗಳನ್ನು ನೋಡಿದರೆ ಸಾಕು. 80ರ ಮೇಲೆ ಹೋದರೆ ಮೈಕಿನಲ್ಲಿ ಬರೀ ಬುಸ್ ಅನ್ನುವ ಸದ್ದು. ಮೈಕಿನ ಸ್ಪಂಜ್ ಕಳೆದುಕೊಳ್ಳಬೇಡಿ, ತುಟಿಗೆ ಹತ್ತಿರ ಇರಲಿ. ಪೂರ್ತಿ ಮುಖ ಮುಚ್ಚುವ ಹೆಲ್ಮೆಟ್‌ಗೆ ವೈರಿನ ಪುಟ್ಟ ಮೈಕೇ ಸರಿ, ಕಡ್ಡಿ ಮೈಕು ಗಲ್ಲಕ್ಕೆ ಒತ್ತುತ್ತದೆ. ಗ್ಲೌಸ್ ಹಾಕಿಕೊಂಡೇ ಬಟನ್ ಒತ್ತಿ ನೋಡಿ ತಗೊಳ್ಳಿ. ವಾಲ್ಯೂಮ್ ಹಿಂದಿನ ಲಾರಿಯ ಹಾರ್ನ್ ಕೇಳಿಸುವಷ್ಟೇ ಇರಲಿ.

ಹಿರಿಯೂರಿನಲ್ಲಿ ಹೆದ್ದಾರಿ ಬಿಟ್ಟು ಅಣೆಕಟ್ಟಿನ ದಾರಿ ಹಿಡಿದೆವು. ವೇದಾವತಿ ನದಿಗೆ ಅಡ್ಡಲಾಗಿ 1907ರಲ್ಲಿ ಕಟ್ಟಿ ಮುಗಿಸಿದ ವಾಣಿವಿಲಾಸ ಸಾಗರ, ಅಂದರೆ ಇದೇ ಮಾರಿಕಣಿವೆ, ಎರಡು ಗುಡ್ಡಗಳ ನಡುವೆ ಇದೆ. 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಬಿದ್ದದ್ದು 2022ರಲ್ಲಿ. ಇಲ್ಲಿ ಗುಡ್ಡ ಅಡ್ಡ ಬಂದರೆ ಇಂಟರ್‌ಕಾಮ್ ಕಡಿಯುತ್ತದೆ, ತಿರುವು ದಾಟಿ ಕಾಯಿರಿ.

ಬೆಳಗ್ಗೆ 5.30ಕ್ಕೆ ಆನ್ ಮಾಡಿದ ಸೆಟ್ ವಾಪಸ್ ಬರುವಾಗ ಐಮಂಗಲದ ಹತ್ತಿರ ಬ್ಯಾಟರಿ ಕಡಿಮೆ ಅಂತ ಕೂಗತೊಡಗಿತು. ಊಟಕ್ಕೆ ಕೂತಾಗ ಪವರ್‌ಬ್ಯಾಂಕಿಗೆ ಹಾಕಿದ್ದರೆ ಊರು ಮುಟ್ಟುವವರೆಗೆ ಬರುತ್ತಿತ್ತು.