212ನೇ ಪುಟ

ಮ್ಯಾಗಜೀನ್‌ಗೆ ಏನಾದ್ರೂ ಬರೆದುಕೊಡಿ ಅಂತ ಕಾಲೇಜಿಂದ ಫೋನ್ ಬಂದಾಗ ನನಗೆ ನೆನಪಾಗಿದ್ದು ಕ್ಯಾಂಪಸ್ಸೂ ಅಲ್ಲ, ಆನುವಲ್ ಡೇನೂ ಅಲ್ಲ, ಹಿಸ್ಟರಿ ಕ್ಲಾಸಿನ ಹಿಂದಿನಿಂದ ಎರಡನೇ ಬೆಂಚು, ಡೆಸ್ಕಿನ ಕೆಳಗೆ ತೊಡೆ ಮೇಲೆ ಬಿಚ್ಚಿಟ್ಟುಕೊಂಡಿದ್ದ ಒಂದು ದಪ್ಪ ಇಂಗ್ಲಿಷ್ ಕಾದಂಬರಿ. ಹೆಸರು ಹೇಳಲ್ಲ, ಯಾಕಂದ್ರೆ ಅದರಲ್ಲಿ ಒಂದು ತಪ್ಪಿದೆ, ಪಾಪ ಬರೆದವರ ಮರ್ಯಾದೆ ಯಾಕೆ ತೆಗೀಬೇಕು. ಅಜ್ಜಿ ಸತ್ತ ಮೇಲೆ ಮೊಮ್ಮಗಳಿಗೆ ಒಂದು ಪೆಟ್ಟಿಗೆ ಸಿಗುತ್ತೆ, ಪೆಟ್ಟಿಗೇಲಿ ಇರೋ ಕಾಗದದಲ್ಲಿ ಮನೆತನದ ಹೆಸರೇ ಬೇರೆ ಇರುತ್ತೆ, ಒಂದು ಅಧ್ಯಾಯ ಈಗಿನ ಕಾಲ, ಮುಂದಿನ ಅಧ್ಯಾಯ ನೂರೈವತ್ತು ವರ್ಷ ಹಿಂದೆ, ಹೀಗೆ ಎಳ್ಕೊಂಡು ಹೋಗೋ ಕಥೆ. ಈಗ ಹೇಳಿದ್ರೆ ಸಾವಿರ ಕಾದಂಬರಿ ಹೀಗೇ ಇವೆ ಅನ್ಸುತ್ತೆ, ಆಗ ನನಗೆ ಅದೇ ಮೊದಲನೇದು, ಹುಚ್ಚು ಹಿಡಿದಿತ್ತು.

ಮೇಡಂ ಬಂದು ಪಕ್ಕದಲ್ಲಿ ನಿಂತಿದ್ದೇ ಗೊತ್ತಾಗ್ಲಿಲ್ಲ. "ಕೊಡಮ್ಮ ಇಲ್ಲಿ" ಅಂದ್ರು, ಅಷ್ಟೇ, ಬೈಗುಳ ಇಲ್ಲ, ಏನೂ ಇಲ್ಲ, ಪುಸ್ತಕ ತಗೊಂಡು ಹೋಗಿ ಟೇಬಲ್ ಮೇಲೆ ಇಟ್ಕೊಂಡು ಪಾಠ ಮುಂದುವರೆಸಿದ್ರು. ನಾನಿನ್ನೂ 140ನೇ ಪುಟದ ಆಸುಪಾಸಲ್ಲಿ ಇದ್ದೆ, ಇನ್ನು ಮುಂದೇನಾಯ್ತೋ ದೇವರಿಗೇ ಗೊತ್ತು ಅಂದ್ಕೊಂಡು ರಾತ್ರಿ ನಿದ್ದೆ ಬರ್ಲಿಲ್ಲ. ಮಾರನೇ ದಿನ ಸ್ಟಾಫ್ ರೂಮಿಗೆ ಕರೆಸಿದ್ರು. ಕಣ್ಣುಜ್ಜಿಕೊಳ್ತಾ "ನಿನ್ನಿಂದ ನಾನು ರಾತ್ರಿ ಎರಡು ಗಂಟೆವರೆಗೂ ಕೂತ್ಕೊಂಡು ಓದಿದೆ, ತಗೋ, 212ನೇ ಪುಟಕ್ಕೆ ಬಂದಾಗ ಅಲ್ಲೇ ನಿಲ್ಲಿಸಿ ನನ್ನ ಹತ್ರ ಬಾ" ಅಂದ್ರು.

212ನೇ ಪುಟದಲ್ಲಿ ಮೊಮ್ಮಗಳಿಗೆ ಮುತ್ತಜ್ಜನ ಅಮ್ಮನ ಬರ್ತ್ ಸರ್ಟಿಫಿಕೇಟ್ ಸಿಗುತ್ತೆ, 1829ರದ್ದು, ಇಂಗ್ಲೆಂಡಿನದ್ದು. ಇಡೀ ಕಥೆ ಆ ಕಾಗದದ ಮೇಲೆ ನಿಂತಿದೆ. ಅಂಚಿನಲ್ಲಿ ಪೆನ್ಸಿಲ್‌ನಲ್ಲಿ ಸಣ್ಣಕ್ಷರದಲ್ಲಿ ಬರೆದಿತ್ತು, "1829ರಲ್ಲಿ ಈ ಕಾಗದ ಕೊಡೋರು ಯಾರಿದ್ರು?" ನಾನು ಹೋಗಿ ಕೇಳಿದೆ. ಅವರು ಹೇಳಿದ್ದು ಇವತ್ತಿಗೂ ಬಾಯಿಪಾಠ ಇದೆ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಸರ್ಕಾರ ಜನನ ಮರಣ ನೋಂದಣಿ ಶುರು ಮಾಡಿದ್ದೇ 1837ರ ಜುಲೈ 1ರಿಂದ, ಅದಕ್ಕೂ ಮೊದಲು ಚರ್ಚಿನ ದೀಕ್ಷಾಸ್ನಾನದ ರಿಜಿಸ್ಟರ್ ಮಾತ್ರ, ಅದರಲ್ಲಿರೋ ತಾರೀಕು ಮಗು ಹುಟ್ಟಿದ್ದಲ್ಲ, ಚರ್ಚಿಗೆ ಕರ್ಕೊಂಡು ಹೋಗಿದ್ದು, ವಾರಗಳ ಮೇಲಾಗಿರಬಹುದು, ವರ್ಷಗಳ ಮೇಲೂ ಆಗಿರಬಹುದು. ನಾನು ಬಿಟ್ಟುಕೊಡದೆ "ಕಥೆ ತಾನೇ ಮೇಡಂ, ಬಿಡಿ" ಅಂದೆ. ಅವರು ನಕ್ಕು, ಬರೆದವರು ಸರಿಯಾದ ಕಾಗದ ಬಳಸಿದ್ರೆ ಕಥೆ ಇನ್ನೂ ಚೆನ್ನಾಗಿರ್ತಿತ್ತು ಕಣೆ ಅಂದ್ರು. 1813ರಿಂದ ಆ ರಿಜಿಸ್ಟರ್‌ಗಳು ಅಚ್ಚಾದ ಫಾರಂ ರೂಪದಲ್ಲಿ ಬಂದ್ವಂತೆ, ತಂದೆ ತಾಯಿ ಹೆಸರು, ಇರೋ ಊರು, ಮಾಡೋ ಕೆಲಸ ಅಂತ ಒಂದೊಂದಕ್ಕೂ ಕಾಲಂ. ಮದುವೆಯಾಗದ ತಾಯಿ ಮಗು ತಂದ್ರೆ ಅಪ್ಪನ ಹೆಸರಿನ ಜಾಗ ಖಾಲಿ, ಕೆಲಸ ಬರೀಬೇಕಾದ ಕಾಲಂನಲ್ಲಿ ಎಷ್ಟೋ ಕಡೆ "ಮದುವೆಯಾಗದ ಹೆಂಗಸು" ಅಂತ ಬರೆದುಬಿಡ್ತಿದ್ರಂತೆ. ಅದೇ ಅವಳ ಉದ್ಯೋಗ ಅನ್ನೋ ಹಾಗೆ! ಒಂದು ಕಾಲಂನಲ್ಲಿ ಇಡೀ ಕಾದಂಬರಿ ಇದೆ ಅಲ್ವಾ, ಆ ಬರ್ತ್ ಸರ್ಟಿಫಿಕೇಟ್‌ನಲ್ಲಿ ಏನಿದೆ ಮಣ್ಣು.

ಅವತ್ತಿಂದ ಶುರುವಾಯ್ತು ನೋಡಿ. "ಹಳೇ ಕಾಗದ ಸಿಕ್ಕಿದ್ರೆ ಏನು ಬರೆದಿದೆ ಅಂತ ಮೊದಲೇ ಓದ್ಬೇಡ, ಯಾರು ಬರೆದಿದ್ದು, ಯಾವತ್ತು ಬರೆದಿದ್ದು, ಅದು ನೋಡು" ಅನ್ನೋದು ಮೇಡಂ ಮಂತ್ರ. ಒಂದು ಸಲ ಬೋರ್ಡ್ ಮೇಲೆ ಎರಡೇ ಸಾಲು ಬರೆದ್ರು: ಮದುವೆ ಏಪ್ರಿಲ್ 1740, ಮಗುವಿನ ದೀಕ್ಷಾಸ್ನಾನ ಫೆಬ್ರವರಿ 1740, ಇಂಗ್ಲೆಂಡ್, ಈ ಮನೇಲಿ ಗುಟ್ಟು ಏನು? ಇಡೀ ಕ್ಲಾಸು ಕಿಸಕ್ಕಂತ ನಗ್ತು, ಮದುವೆಗೆ ಮುಂಚೆನೇ ಮಗು ಅಂತ. ಗುಟ್ಟೇನೂ ಇರ್ಲಿಲ್ಲ. ಆಗ ಅಲ್ಲಿ ಹೊಸ ವರ್ಷ ಶುರುವಾಗ್ತಿದ್ದಿದ್ದು ಮಾರ್ಚ್ 25ಕ್ಕೆ, ಹಾಗಾಗಿ 1740ರ ಫೆಬ್ರವರಿ ಬರೋದು 1740ರ ಏಪ್ರಿಲ್ ಆದ ಮೇಲೆ, ಮಗು ಬಂದಿದ್ದು ಮದುವೆಯಾಗಿ ಹತ್ತು ತಿಂಗಳಿಗೆ! ನಾವು ನಕ್ಕಿದ್ದಕ್ಕೆ ಮೇಡಂ ಏನೂ ಅನ್ಲಿಲ್ಲ, ಆ ಪಾಪದ ಹುಡುಗಿ ಹೆಸರು ಇನ್ನೂರೈವತ್ತು ವರ್ಷ ಆದ ಮೇಲೆ ನಿಮ್ಮಿಂದ ಕೆಡ್ತು ಅಂದ್ರು, ಅಷ್ಟೇ.

ನಾನು ಆಮೇಲೆ ಹಿಸ್ಟರಿ ಓದ್ಲಿಲ್ಲ, ಲೆಕ್ಕಪತ್ರದ ಕೆಲಸ ಹಿಡಿದೆ, ಆದ್ರೆ ಈ ಜಾತಿ ಕಾದಂಬರಿ ಮಾತ್ರ ಬಿಡ್ಲಿಲ್ಲ. ಒಂದು ವಿಷಯ ನಿಧಾನಕ್ಕೆ ಗೊತ್ತಾಯ್ತು, ಬರೀ ಪತ್ತೇದಾರಿಯಲ್ಲಿ ಯಾರು ಕೊಂದಿದ್ದು ಅಂತ ಗೊತ್ತಾದ್ರೆ ಮುಗೀತು, ಇದರಲ್ಲಿ ಹಾಗಲ್ಲ. ಮುಕ್ಕಾಲು ಪಾಲು ಕಾದಂಬರಿಗಳಲ್ಲಿ ಗುಟ್ಟು ಏನಂತ ಅರ್ಧ ಪುಸ್ತಕಕ್ಕೇ ಊಹೆ ಮಾಡಬಹುದು, ಅಕ್ಕ ಅಂದ್ಕೊಂಡಿದ್ದೋಳು ಅಮ್ಮ ಆಗಿರ್ತಾಳೆ, ಯುದ್ಧದಲ್ಲಿ ಸತ್ತ ಅಂದ್ಕೊಂಡಿದ್ದೋನು ಬೇರೆ ಹೆಸರಲ್ಲಿ ಬದುಕಿರ್ತಾನೆ. ಆದ್ರೂ ನಾನು ಓದ್ತಾ ಕೂರೋದು ಯಾಕಂದ್ರೆ ಅಷ್ಟು ಜನ ಅಷ್ಟು ವರ್ಷ ಹೇಗೆ ಬಾಯಿ ಮುಚ್ಕೊಂಡಿದ್ರು ಅಂತ ತಿಳ್ಕೊಳೋಕೆ. ಗುಟ್ಟು ಒಬ್ಬರದ್ದು, ಮೌನ ಮಾತ್ರ ಮನೆಮಂದಿಯದ್ದು. ಅಡುಗೆಯವಳಿಗೆ ಗೊತ್ತು, ಡಾಕ್ಟರಿಗೆ ಗೊತ್ತು, ಪಾದ್ರಿಗೆ ಗೊತ್ತು, ಗೊತ್ತಿಲ್ಲದೆ ಇರೋದು ಆ ಮಗುವಿಗೆ ಮಾತ್ರ.

ಮತ್ತೆ ಓದೋರಿಗೆ ಒಂದು ವಿಚಿತ್ರ ಜಾಗ ಸಿಗುತ್ತೆ ಇದರಲ್ಲಿ. ಹಿಂದಿನ ಕಾಲದ ಅಧ್ಯಾಯದಲ್ಲಿ ಆ ಹೆಂಗಸು ಕಾಗದ ಸುಡೋದನ್ನ ನಾವು ಕಣ್ಣಾರೆ ನೋಡಿರ್ತೀವಿ, ಈಗಿನ ಕಾಲದಲ್ಲಿ ಮೊಮ್ಮಗಳು ಅದೇ ಕಾಗದಕ್ಕೆ ಮನೆಯೆಲ್ಲ ಹುಡುಕ್ತಿರ್ತಾಳೆ, ಕೂಗಿ ಹೇಳೋಣ ಅನ್ಸುತ್ತೆ. ನನಗೆ ಆಗದೇ ಇರೋದು ಅಂದ್ರೆ ಡೈರಿ. ಒಬ್ಬರೂ ತಪ್ಪದೆ ಮುಖ್ಯವಾದ ದಿನಕ್ಕೆ ಸರಿಯಾಗಿ ಬರೆಯೋದು ನಿಲ್ಲಿಸಿಬಿಡ್ತಾರೆ. ಅಜ್ಜಿಯಂದಿರೂ ಅಷ್ಟೇ, "ನಿನಗೊಂದು ವಿಷಯ ಹೇಳ್ಬೇಕಿತ್ತು" ಅಂತ ಬಾಯಿ ಬಿಟ್ಟ ಕ್ಷಣವೇ ಪ್ರಾಣ ಹೋಗುತ್ತೆ.

ನಿಜವಾದ ದಾಖಲೆಗಳಲ್ಲೇ ಇದಕ್ಕಿಂತ ಚೆಂದದ ಅಡ್ಡಿಗಳಿವೆ, ಬರೆಯೋರು ಅದನ್ನ ಬಳಸ್ಕೋಬೇಕು ಅನ್ನೋದು ನನ್ನ ವಾದ. ಬ್ರಿಟನ್ನಿನಲ್ಲಿ ಜನಗಣತಿ ಹಾಳೆಗಳನ್ನ 100 ವರ್ಷ ಬೀಗ ಹಾಕಿ ಇಡ್ತಾರೆ, 1921ರದ್ದು ಜನರಿಗೆ ಸಿಕ್ಕಿದ್ದು 2022ರ ಜನವರಿಯಲ್ಲಿ. ಮುಂದಿನದು 1931ರದ್ದು ಯಾವಾಗ ಅಂತ ಕಾಯೋ ಹಾಗೇ ಇಲ್ಲ, ಇಂಗ್ಲೆಂಡ್ ಮತ್ತು ವೇಲ್ಸ್‌ನ ಆ ಹಾಳೆಗಳೆಲ್ಲ 1942ರ ಬೆಂಕಿಯಲ್ಲಿ ಸುಟ್ಟು ಹೋಗಿವೆ. ಅಂದ್ರೆ 1931ರಲ್ಲಿ ಆ ಮನೇಲಿ ಯಾರಿದ್ರು ಅನ್ನೋದು ಗುಟ್ಟಾಗಿ ಉಳೀಬೇಕಂದ್ರೆ ಯಾವ ಅಜ್ಜಿಯೂ ಸಾಯಬೇಕಾಗಿಲ್ಲ. ದತ್ತು ಹೋದ ಮಕ್ಕಳಿಗೆ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ತಮ್ಮ ಮೂಲ ಜನನ ದಾಖಲೆ ನೋಡೋ ಹಕ್ಕು ಸಿಕ್ಕಿದ್ದು 1975ರ ಕಾನೂನಿನಿಂದ, ಅಲ್ಲೀವರೆಗೆ ಮಗು ಕೊಟ್ಟ ತಾಯಿಗೆ ಇದು ಯಾರಿಗೂ ಗೊತ್ತಾಗಲ್ಲ ಅನ್ನೋ ಧೈರ್ಯ ಇತ್ತು, ಆಮೇಲೆ ಯಾವತ್ತು ಬಾಗಿಲು ಬಡಿಯುತ್ತೋ ಅನ್ನೋ ಸ್ಥಿತಿ. ಆ ಬಾಗಿಲ ಎರಡೂ ಕಡೆ ನಿಂತು ಬರೆದಿರೋ ಕಾದಂಬರಿ ಸಿಕ್ಕಿದ್ರೆ ನಾನು ಆಫೀಸಿಗೆ ರಜೆ ಹಾಕ್ತೀನಿ.

ಮೇಡಂ ಓದೋಕೆ ಕೊಟ್ಟಿದ್ದು ಎರಡು ಪುಸ್ತಕ. ಒಂದು ವಿಲ್ಕಿ ಕಾಲಿನ್ಸ್‌ನ ಮೂನ್‌ಸ್ಟೋನ್, 1868ರದ್ದು. ಅದು ಶುರುವಾಗೋದು ನಮ್ಮ ಶ್ರೀರಂಗಪಟ್ಟಣದಲ್ಲಿ, 1799ರ ಮುತ್ತಿಗೆಯಲ್ಲಿ ಒಬ್ಬ ಇಂಗ್ಲಿಷ್ ಅಧಿಕಾರಿ ವಜ್ರ ಕದಿಯೋದರಿಂದ, ಅದರ ಫಲ ಅನುಭವಿಸೋದು ಅರ್ಧ ಶತಮಾನದ ಮೇಲೆ ಅವನ ಸೋದರ ಸೊಸೆ, ಹುಟ್ಟುಹಬ್ಬದ ಉಡುಗೊರೆಯಾಗಿ ಬಂದ ಕಲ್ಲಿನಿಂದ. ಇನ್ನೊಂದು ಜೋಸೆಫಿನ್ ಟೇ ಬರೆದ ಡಾಟರ್ ಆಫ್ ಟೈಮ್, 1951. ಆಸ್ಪತ್ರೆ ಮಂಚದ ಮೇಲೆ ಬಿದ್ಕೊಂಡಿರೋ ಪೊಲೀಸಿನವನು ಬರೀ ಪುಸ್ತಕ, ಕಾಗದ ನೋಡ್ಕೊಂಡೇ ಇಂಗ್ಲೆಂಡಿನ ಮೂರನೇ ರಿಚರ್ಡ್ ರಾಜ ತನ್ನ ಅಣ್ಣನ ಮಕ್ಕಳನ್ನ ಕೊಲ್ಲಿಸಿದ್ದು ನಿಜವೋ ಸುಳ್ಳೋ ಅಂತ ಶೋಧಿಸ್ತಾನೆ. ವಾದ ಪೂರ್ತಿ ಒಪ್ಪೋದು ಕಷ್ಟ, ರಾಜನ ಪರ ಸ್ವಲ್ಪ ಜಾಸ್ತಿನೇ ವಕಾಲತ್ತು ಮಾಡಿದಾರೆ, ಆದ್ರೆ ಮಂಚ ಬಿಟ್ಟು ಏಳದೆ ನಡೆಯೋ ಪತ್ತೇದಾರಿಕೆ ಎಷ್ಟು ಬಿಗಿಯಾಗಿರಬಹುದು ಅಂತ ಅದನ್ನ ಓದಿಯೇ ನೋಡ್ಬೇಕು.

2012ರಲ್ಲಿ ಲೆಸ್ಟರ್‌ನ ಒಂದು ಕಾರ್ ಪಾರ್ಕಿಂಗ್ ಕೆಳಗೆ ಅದೇ ರಿಚರ್ಡ್‌ನ ಮೂಳೆ ಸಿಕ್ತು ಅಂತ ಸುದ್ದಿ ಬಂದಾಗ ನಾನು ಮೊದಲು ಮಾಡಿದ್ದೇ ಮೇಡಂಗೆ ಫೋನ್. ಅವರು ರಿಟೈರ್ ಆಗಿದ್ರು. ರಾಜನ ಅಕ್ಕನ ಹೆಣ್ಣು ಸಂತತಿಯಲ್ಲಿ ಇಳಿದು ಬಂದವರ ಡಿಎನ್‌ಎ ಮೂಳೆಗೆ ಹೊಂದಿತು, ಗುರುತು ಖಾತ್ರಿ ಆಯ್ತು. ಆದ್ರೆ 2014ರಲ್ಲಿ ಇನ್ನೊಂದು ವಿಷಯ ಹೊರಗೆ ಬಂತು, ಗಂಡು ಸಂತತಿಯಲ್ಲಿ ಸಂಬಂಧಿಕರಾಗಬೇಕಿದ್ದವರ ಡಿಎನ್‌ಎ ಹೊಂದಲಿಲ್ಲ, ವಂಶವೃಕ್ಷದಲ್ಲಿ ಅಪ್ಪ ಅಂತ ಬರೆದಿರೋ ಯಾರೋ ಒಬ್ಬರು ನಡುವೆ ಎಲ್ಲೋ ಒಂದು ಕಡೆ ಅಪ್ಪ ಅಲ್ಲ. ಯಾವ ತಲೆಮಾರಲ್ಲಿ ಅಂತ ಗೊತ್ತಾಗೋ ಹಾಗಿಲ್ಲ. "ನೋಡು, ಅಲ್ಲೊಬ್ಬಳು ನೂರಾರು ವರ್ಷ ಗುಟ್ಟು ಕಾಪಾಡ್ಕೊಂಡು ಬಂದಿದ್ಲು" ಅಂತ ಮೇಡಂ ಫೋನಿನಲ್ಲೇ ನಗು. ಅವರ ಧ್ವನಿಯಲ್ಲಿ ಆ ಹೆಂಗಸಿನ ಬಗ್ಗೆ ಒಂಥರಾ ಮೆಚ್ಚುಗೆ ಇತ್ತು, ನನಗೆ ಹಾಗನ್ನಿಸ್ತು.

ಹೋದ ವರ್ಷ ಹಳೇ ವಿದ್ಯಾರ್ಥಿಗಳ ಸಭೆಗೆ ಅಂತ ಕಾಲೇಜಿಗೆ ಬಂದಿದ್ದೆ. ಭಾಷಣ ಉದ್ದ ಆಯ್ತು, ಮೆಲ್ಲಗೆ ಎದ್ದು ಲೈಬ್ರರಿಗೆ ಹೋದೆ. ಎಲ್ಲ ಕಂಪ್ಯೂಟರ್ ಆಗಿದೆ ಈಗ, ಆದ್ರೆ ಹಳೇ ಪುಸ್ತಕಗಳ ಹಿಂದೆ ಆ ಕಾರ್ಡು ಹಾಗೇ ಉಳಿದಿದೆ, ನಾವು ಸಹಿ ಹಾಕಿ ತಾರೀಕು ಬರೀತಿದ್ವಲ್ಲ, ಅದು. ಆ ದಪ್ಪ ಕಾದಂಬರಿ ಮೂಲೆಯಲ್ಲಿತ್ತು. 212ನೇ ಪುಟ ತೆಗೆದೆ, ಪೆನ್ಸಿಲ್ ಅಕ್ಷರ ಮಸುಕಾಗಿದ್ರೂ ಇತ್ತು. ಸುಮ್ನೆ ಹಿಂದಿನ ಕಾರ್ಡ್ ಎಳೆದು ನೋಡಿದೆ, ನನ್ನ ಸಹಿ ಕಾಣ್ತು, ಆಗಿನ ಸೊಟ್ಟ ಸಹಿ. ಅದಕ್ಕಿಂತ ಮೂರು ಸಾಲು ಮೇಲೆ ಮೇಡಂ ಸಹಿ, ನಾನು ಕಾಲೇಜು ಸೇರೋದಕ್ಕೂ ಎರಡು ವರ್ಷ ಮುಂಚಿನ ತಾರೀಕು. ಅದರ ಮೇಲೆ ಇನ್ನೊಂದು ಸಲ ಅವರದ್ದೇ.

ಅಂದ್ರೆ ಅವತ್ತು ರಾತ್ರಿ ಎರಡು ಗಂಟೆವರೆಗೂ ಓದಿದ್ದು, ಕಣ್ಣುಜ್ಜಿಕೊಂಡಿದ್ದು ಎಲ್ಲ ನಾಟಕ. ಪೆನ್ಸಿಲ್ ಗುರುತು ನಾನು ಆ ಪುಸ್ತಕ ಮುಟ್ಟೋದಕ್ಕೆ ಮುಂಚೆನೇ ಅಲ್ಲಿ ಕೂತು ಕಾಯ್ತಿತ್ತು. ಲೈಬ್ರರಿ ಮೆಟ್ಟಿಲ ಮೇಲೆ ನಿಂತೇ ಫೋನ್ ಮಾಡಿದೆ, ಕಾರ್ಡ್ ವಿಷಯ ಹೇಳಿದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಸದ್ದಿಲ್ಲ.

"ನಿನ್ನ ಸಹಿ ಹಾಕೋವಾಗ ಮೇಲಿನ ಸಾಲು ನೋಡಿರ್ಲಿಲ್ವೇನೆ?" ಅಂದ್ರು.